ಬೆಂಚಿನ ತುದಿಯ ಕೋಚ್

ಗುಮಾಸ್ತರ ಬಾಯಿಂದ ಅವತ್ತು ಹೊರಟ ವಾಕ್ಯದಲ್ಲಿ, ಅವರಿಗೆ ತಿಳಿದ ಮಟ್ಟಿಗೆ, ಒಂದಕ್ಷರವೂ ಸುಳ್ಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ನಡೆದದ್ದನ್ನೆಲ್ಲ ಕೇಳಿದವರು, ಆ ಮನುಷ್ಯ ಇಡೀ ಊರನ್ನೇ ಯಾಮಾರಿಸಿದ ಎಂದುಕೊಳ್ಳುತ್ತಾರೆ. ಯಾಮಾರಿಸುವಷ್ಟು ಚುರುಕು ಅವರಲ್ಲಿದ್ದಿದ್ದರೆ ಇಪ್ಪತ್ತೆರಡು ವರ್ಷ ಅದೇ ಹೈಸ್ಕೂಲಿನ ಅದೇ ಕಚೇರಿಯಲ್ಲಿ, ಅದೇ ಕಿಟಕಿಯ ಪಕ್ಕದ ಮೇಜಿಗೆ ಅಂಟಿಕೊಂಡು ಹಾಜರಾತಿ ತಾಳೆ ನೋಡುತ್ತಿರಲಿಲ್ಲ. ಫ್ಯಾನಿನ ಕೆಳಗಿನ ಜಾಗ ಖಾಲಿಯಾದಾಗಲೆಲ್ಲ ಅದನ್ನು ಅವರಿಗೇ ಮೊದಲು ಕೊಡಲು ಬರುತ್ತಿದ್ದರು. ಅವರು ಒಲ್ಲೆ ಎನ್ನುತ್ತಿದ್ದರು. ಫ್ಯಾನಿನ ಕೆಳಗೆ ಕೂತರೆ ಗಾಳಿ ಬರುತ್ತಿತ್ತು, ನಿಜ. ಆದರೆ ಮೈದಾನ ಕಾಣುತ್ತಿರಲಿಲ್ಲ.

ನಡೆದದ್ದು ಇಷ್ಟು. ಶಾಲೆಯ ಡ್ರಿಲ್ ಮೇಷ್ಟ್ರು, ಛಾವಣಿಯ ಮೇಲೆ ಸಿಕ್ಕಿಕೊಂಡಿದ್ದ ಚೆಂಡನ್ನು ಇಳಿಸಲು ಏಣಿ ಹತ್ತಿದವರು, ಚೆಂಡಿಗಿಂತ ಮೊದಲು ತಾವೇ ಇಳಿದುಬಿಟ್ಟರು. ಕಾಲು ಎರಡು ಕಡೆ ಮುರಿದು ಎರಡು ತಿಂಗಳು ಹಾಸಿಗೆ ಹಿಡಿಯುವಂತಾಯಿತು. ಅಂತರಶಾಲಾ ವಾಲಿಬಾಲ್ ಪಂದ್ಯಾವಳಿಗೆ ಉಳಿದಿದ್ದದ್ದು ಎರಡೇ ವಾರ. ಹಿಂದಿನ ವರ್ಷ ಹುಡುಗಿಯರ ತಂಡ ಮೊದಲ ಸುತ್ತಿನಲ್ಲೇ ಸೋತಾಗ ಪಕ್ಕದ ಶಾಲೆಯ ಹೆಡ್‌ಮೇಡಂ ಬಂದು, "ಬೇಜಾರು ಮಾಡ್ಕೋಬೇಡಿ, ನಿಮ್ಮ ಮಕ್ಕಳ ಸಮವಸ್ತ್ರ ಮಾತ್ರ ತುಂಬಾ ಚೆನ್ನಾಗಿತ್ತು" ಎಂದು ಸಮಾಧಾನ ಹೇಳಿದ್ದರು. ಸೋಲು ಮರೆತುಹೋಗಿತ್ತು. ಆ ಸಮಾಧಾನ ಮಾತ್ರ ಈ ಶಾಲೆಯ ಹೆಡ್‌ಮೇಡಂ ಎದೆಯಲ್ಲಿ ವರ್ಷವಿಡೀ ಮುಳ್ಳಿನ ಹಾಗೆ ಆಡುತ್ತಿತ್ತು.

ಅವರು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿ ಕೇಳಿದರು: "ವಾಲಿಬಾಲ್ ಆಡಿದವರು ಯಾರಾದ್ರೂ ಇದ್ದೀರಾ?"

ಗಣಿತದ ಮೇಷ್ಟ್ರು ಚಪ್ಪಲಿಯ ಉಂಗುಷ್ಠ ಪರೀಕ್ಷಿಸಿದರು. ವಿಜ್ಞಾನದ ಮೇಡಂ ಕಿಟಕಿಯಾಚೆ ಏನೋ ಅಪರೂಪದ ಹಕ್ಕಿ ಕಂಡವರಂತೆ ನೋಡಿದರು. ಇತಿಹಾಸದ ಮೇಷ್ಟ್ರೊಬ್ಬರು ಮಾತ್ರ ಪ್ರಾಮಾಣಿಕವಾಗಿ, "ಟೀವೀಲಿ ನೋಡಿದ್ದೀನಿ ಮೇಡಂ, ಅದೂ ಬೇರೆ ಚಾನಲ್ ಸಿಗದೇ ಇದ್ದಾಗ" ಎಂದರು.

ಸುತ್ತೋಲೆಗೆ ಸಹಿ ಹಾಕಿಸಿಕೊಳ್ಳಲು ಬಂದಿದ್ದ ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ಆದರೂ ಬಾಯಿ ತಾನಾಗಿ ತೆರೆಯಿತು.

"ಹೈಸ್ಕೂಲಲ್ಲಿ ನಾನು ಮೂರು ವರ್ಷ ಟೀಮಲ್ಲಿದ್ದೆ ಮೇಡಂ. ಸ್ಟ್ಯಾಂಡ್‌—"

ಆ ಕ್ಷಣಕ್ಕೆ ಸರಿಯಾಗಿ ಜವಾನ ಬಾಗಿಲಾಚೆ ಗಂಟೆ ಬಾರಿಸಿದ. ಅವನು ಗಂಟೆ ಬಾರಿಸುವುದೆಂದರೆ ಹಳೇ ಸೇಡು ತೀರಿಸಿಕೊಂಡ ಹಾಗೆ. ವಾಕ್ಯದ ಕೊನೆಯ 'ಬೈ' ಅದರೊಳಗೆ ಹೂತುಹೋಯಿತು.

"ಸ್ಟ್ಯಾಂಡಾ?" ಹೆಡ್‌ಮೇಡಂ ಕಣ್ಣರಳಿಸಿದರು. "ಸ್ಟ್ಯಾಂಡ್ ತುಂಬಾ ಜನ ಸೇರ್ತಿದ್ರಾ?"

ಇಪ್ಪತ್ತೆರಡು ವರ್ಷದಲ್ಲಿ ಗುಮಾಸ್ತರು ಯಾವ ಹೆಡ್‌ಮೇಡಂ ಮಾತಿಗೂ 'ಇಲ್ಲ' ಎಂದವರಲ್ಲ. ಜೊತೆಗೆ, ಜನ ಸೇರುತ್ತಿದ್ದದ್ದೂ ನಿಜವೇ.

"ಸೇರ್ತಿದ್ರು ಮೇಡಂ" ಎಂದರು.

ಕೋಚ್ ಆಗಲು ಅವರಿಗಿದ್ದ ಅರ್ಹತೆ ಇಷ್ಟೇ: ಮೂರು ವರ್ಷ ಬೆಂಚಿನ ತುದಿಯಲ್ಲಿ ಕೂತಿದ್ದದ್ದು. ಹದಿನಾಲ್ಕನೇ ವಯಸ್ಸಿನಿಂದ ಹದಿನೇಳರವರೆಗೆ ಪ್ರತಿ ಪಂದ್ಯಕ್ಕೂ ಚಡ್ಡಿಗೆ ಇಸ್ತ್ರಿ ಹಾಕಿಸಿಕೊಂಡು ಹೋಗುತ್ತಿದ್ದರು. ಆಟ ಕೊನೆಯ ಸೆಟ್ಟಿಗೆ ಬಂತೆಂದರೆ ಶೂ ಲೇಸು ಬಿಚ್ಚಿ ಮತ್ತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತಿದ್ದರು. ಕರೆದ ತಕ್ಷಣ ಓಡಬೇಕಲ್ಲ! ಯಾರೂ ಕರೆಯಲಿಲ್ಲ. ಎಸೆಸೆಲ್ಸಿ ಮುಗಿಯಿತು, ಶೂ ತಮ್ಮನಿಗೆ ಹೋಯಿತು.

ಶಾಲೆಯಿಂದ ಅವರ ಮನೆಗೆ ನಡೆದರೆ ಇಪ್ಪತ್ತು ನಿಮಿಷ. ಸುದ್ದಿ ಸೈಕಲ್ಲಿನಲ್ಲಿ ಹೋಗಿತ್ತೆಂದು ಕಾಣುತ್ತದೆ. ಸ್ಟಾಫ್ ರೂಮಿನಿಂದ ಹೊರಟಾಗ 'ಶಾಲಾ ತಂಡ'ವಾಗಿದ್ದದ್ದು ಗೇಟಿನ ಹತ್ತಿರ 'ಜಿಲ್ಲಾ ತಂಡ'ವಾಯಿತು. ಹೊಲಿಗೆ ಅಂಗಡಿ ದಾಟುವಾಗ 'ರಾಜ್ಯ'ವಾಯಿತು. ಗುಮಾಸ್ತರು ತಮ್ಮ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ತರು ಗೇಟು ಹಿಡಿದು ನಿಂತಿದ್ದರು.

"ಏನ್ರೀ ಇದು? ಇಷ್ಟು ವರ್ಷದಿಂದ ಎದುರುಬದುರು ಇದ್ದೀವಿ, ನಮ್ಮ ಬೀದೀಲೊಬ್ಬ ರಾಷ್ಟ್ರೀಯ ಆಟಗಾರ ಇದ್ದಾನೆ ಅಂತ ನಾನು ಹೊಲಿಗೆಯವನ ಬಾಯಲ್ಲಿ ಕೇಳ್ಬೇಕಾ?"

"ಅಯ್ಯೋ, ಹಾಗೇನಿಲ್ಲ ಸಾರ್. ನಾನು ಬರೀ..."

"ನೋಡಿದ್ರಾ! 'ನಾನು ಬರೀ' ಅಂತಾರೆ. ದೊಡ್ಡವರ ಲಕ್ಷಣವೇ ಇದು."

ಮನೆಯಂಗಳದಲ್ಲಿ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಅವಳ ತಮ್ಮ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ವಾರಕ್ಕೆ ಮೂರು ದಿನ ಅಕ್ಕನ ಮನೆಯಲ್ಲೇ ಇರುವ ಈ ಬಾವಮೈದನಿಗೆ ಎಲ್ಲವನ್ನೂ ಪರೀಕ್ಷಿಸಿಯೇ ನಂಬುವ ಚಟ.

"ಭಾವ, ಹಿಡೀರಿ!" ಎಂದವನೇ ಸ್ಕೂಟರಿನ ಕೀಗೊಂಚಲು ಎಸೆದ.

ಕೀಗೊಂಚಲು ಗುಮಾಸ್ತರ ಎರಡೂ ಕೈಗಳ ನಡುವೆ ನುಸುಳಿ, ಎದೆಗೆ ಬಡಿದು, ಬಟ್ಟೆ ನೆನೆಸಿದ್ದ ಬಕೆಟ್ಟಿನಲ್ಲಿ ಮುಳುಗಿತು.

ಎಲ್ಲರೂ ಬಕೆಟ್ಟು ನೋಡಿದರು. ಸತ್ಯ ಹೊರಬೀಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ.

"ಮೊಣಕೈ" ಎಂದರು ಪೋಸ್ಟ್‌ಮಾಸ್ತರು ಗಂಭೀರವಾಗಿ. "ಹಳೇ ಪೆಟ್ಟು. ಅದಕ್ಕೇ ಆಟ ಬಿಟ್ಟಿರ್ಬೇಕು."

"ಹೌದೇನ್ರೀ?" ಹೆಂಡತಿಯ ದನಿ ಇಳಿಯಿತು. ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸುವಾಗ ಒಂದೊಂದನ್ನಾಗಿ ಗಂಡ ಬೀಳಿಸಿದ್ದೂ, ತಾನು ಬೈದದ್ದೂ ಅವಳ ಕಣ್ಣೆದುರು ಹಾದುಹೋಗಿರಬೇಕು. "ಇಷ್ಟು ದಿನ ನೋವು ನುಂಗ್ಕೊಂಡಿದ್ರಾ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಅವಳು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. ಗುಮಾಸ್ತರು ಸತ್ಯ ಹೇಳಲೆಂದೇ ಬಾಯಿ ತೆರೆದಿದ್ದರು. ಆದರೆ ಆ ನೋಟ ಇನ್ನೊಂದು ನಿಮಿಷ ಇರಲಿ ಎಂದುಕೊಂಡರು. ಅಷ್ಟರಲ್ಲಿ ಅವಳು ಮುಲಾಮು ತರಲು ಒಳಗೆ ಹೋಗಿಬಿಟ್ಟಿದ್ದಳು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಎಂಟು ಹುಡುಗಿಯರು ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ಗುಮಾಸ್ತರು ಹೊಸ ಕ್ಯಾನ್ವಾಸ್ ಶೂ ಕಚ್ಚಿ ಕುಂಟುತ್ತ ಬಂದರು. "ಹಳೇ ಪೆಟ್ಟಂತೆ" ಎಂದು ಹುಡುಗಿಯರು ಪಿಸುಗುಟ್ಟಿದರು. ಡ್ರಿಲ್ ಮೇಷ್ಟ್ರ ಸೀಟಿ ಊದಿದರು. ಒಳಗಿನ ಗುಂಡು ಎಲ್ಲೋ ಉದುರಿಹೋಗಿದ್ದರಿಂದ ಬರೀ ಗಾಳಿ ಬಂತು. ಹುಡುಗಿಯರು ಉಸಿರು ಬಿಗಿಹಿಡಿದು ಕಾದರು.

ಏನು ಹೇಳಿಕೊಡುವುದು? ಗುಮಾಸ್ತರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

"ಎಲ್ಲರೂ ಬೆಂಚ್ ಮೇಲೆ ಕೂತ್ಕೊಳ್ಳಿ" ಎಂದರು.

ಕ್ಯಾಪ್ಟನ್ ಹುಡುಗಿ ಗಟ್ಟಿಗಿತ್ತಿ. "ಯಾಕೆ ಸಾರ್?" ಎಂದಳು.

"ಯಾಕೆ ಅಂದ್ರೆ... ಕೂತ್ರೆ ಕಾಣುತ್ತೆ."

ಪಕ್ಕದ ಅಂಕಣದಲ್ಲಿ ಹುಡುಗರ ತಂಡ ಅಭ್ಯಾಸ ಮಾಡುತ್ತಿತ್ತು. ಅರ್ಧ ಗಂಟೆ ಅವರನ್ನೇ ನೋಡಿ, ಒಬ್ಬೊಬ್ಬರೂ ಏನು ಕಂಡಿರಿ ಹೇಳಿ ಎಂದರು ಗುಮಾಸ್ತರು. ಮೊದಲು ಹುಡುಗಿಯರು ಮುಸಿಮುಸಿ ನಕ್ಕರು. ಆಮೇಲೆ ಒಬ್ಬಳು, ಮೀಸೆ ಚಿಗುರುತ್ತಿರುವ ಹುಡುಗ ಸರ್ವಿಸ್ ಮಾಡುವ ಮುಂಚೆ ಎಡಗಡೆ ನೋಡಿ ಬಲಗಡೆಗೇ ಹೊಡೆಯುತ್ತಾನೆ ಎಂದಳು. ಇನ್ನೊಬ್ಬಳು, ಆ ಕಡೆಯವರಿಬ್ಬರೂ ಚೆಂಡು ಬಂದಾಗ 'ನಂದು ನಂದು' ಎಂದು ಕೂಗಿ ಇಬ್ಬರೂ ಬಿಡುತ್ತಾರೆ ಎಂದಳು. ಗುಮಾಸ್ತರ ಮುಖ ಅರಳಿತು. ನಲವತ್ತು ವರ್ಷದಿಂದ ಒಬ್ಬರೇ ಕಾಣುತ್ತಿದ್ದದ್ದನ್ನು ಇನ್ನೊಬ್ಬರೂ ಕಂಡಿದ್ದು ಅದೇ ಮೊದಲು.

ಹುಡುಗಿಯರು ಬೆಂಚಿನಿಂದ ಎದ್ದು ಆಡತೊಡಗಿದ ಮೇಲೆ ಗುಮಾಸ್ತರೂ ತಾವು ಕಂಡದ್ದನ್ನು ಹೇಳತೊಡಗಿದರು. ಎಲ್ಲರಿಗಿಂತ ಎತ್ತರವಿದ್ದ, ಗೆಳತಿಯರು ಕಂಬ ಎಂದು ಕರೆಯುತ್ತಿದ್ದ ಹುಡುಗಿಗೆ, "ನೀನು ತಪ್ಪು ಮಾಡಿದ ಮೇಲೆ ನೆಲ ನೋಡ್ತೀಯಮ್ಮ. ಮುಂದಿನ ಚೆಂಡು ತಲೆ ಮೇಲಿಂದ ಹೋಗೋದು ಅದಕ್ಕೇ" ಎಂದರು. ಕ್ಯಾಪ್ಟನ್‌ಗೆ, "ಬೇರೆಯವರ ಚೆಂಡಿಗೂ ನೀನೇ ಓಡ್ತೀಯ. ಅವರು ಆಡೋದನ್ನೇ ಮರೀತಾರೆ" ಎಂದರು. ಕ್ಯಾಪ್ಟನ್ ಎರಡು ದಿನ ಮುಖ ಊದಿಸಿಕೊಂಡು, ಮೂರನೇ ದಿನ ಓಡುವುದನ್ನು ಬಿಟ್ಟಳು.

ಉಳಿದ ವಿಷಯದಲ್ಲಿ ಮಾತ್ರ ಅವರು ಗುಮಾಸ್ತರೇ. ದಿನವೂ ನೋಟಿಸ್ ಬೋರ್ಡಿನಲ್ಲಿ ಅವರ ಸೂಚನೆ ಬೀಳುತ್ತಿತ್ತು: "ವಿಷಯ: ನೆಟ್ ಮುಟ್ಟುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಆಟಗಾರ್ತಿಯರು ನೆಟ್ಟಿನ ಮೇಲೆ ಒರಗುವುದಾಗಲಿ, ನೆಟ್ಟು ಹಿಡಿದು ಹರಟುವುದಾಗಲಿ ಮಾಡತಕ್ಕದ್ದಲ್ಲ. ಎದುರಾಳಿಗಳು ಜೋರಾಗಿ ಹೊಡೆದಲ್ಲಿ ಕಣ್ಣು ಮುಚ್ಚಿಕೊಳ್ಳುವ ಪದ್ಧತಿಯನ್ನು ಈ ಕೂಡಲೇ ಕೈಬಿಡತಕ್ಕದ್ದು." ಕೆಳಗೆ ಎಂಟೂ ಜನ ಓದಿ ತಿಳಿದುಕೊಂಡದ್ದಕ್ಕೆ ಸಹಿ ಹಾಕಬೇಕಿತ್ತು. ಹುಡುಗಿಯರು ಸಹಿ ಹಾಕಿದರು. ಇನ್ನೂ ಆಶ್ಚರ್ಯವೆಂದರೆ, ಪಾಲಿಸಿದರು.

ಪಂದ್ಯಾವಳಿಯ ಮೊದಲ ಸುತ್ತು ಗೆದ್ದರು. ಎರಡನೆಯದೂ ಗೆದ್ದರು. ಊರಿನ ವಾರಪತ್ರಿಕೆ 'ಮಾಜಿ ರಾಷ್ಟ್ರೀಯ ಆಟಗಾರರ ಗರಡಿಯಲ್ಲಿ ಪಳಗಿದ ಹುಲಿಮರಿಗಳು' ಎಂದು ಅಚ್ಚು ಹಾಕಿತು. ಪೋಸ್ಟ್‌ಮಾಸ್ತರು ಆ ಪುಟವನ್ನು ತಮ್ಮ ಗೇಟಿಗೇ ಅಂಟಿಸಿದರು. ಬಾವಮೈದ ತನ್ನ ಗೆಳೆಯರನ್ನು ಕರೆತಂದು, ಭಾವ ಊಟ ಮಾಡುವುದನ್ನು ದೂರದಿಂದ ತೋರಿಸಿದ. ಹೆಂಡತಿ ಅಟ್ಟದ ಡಬ್ಬಿಗಳನ್ನು ತಾನೇ ಇಳಿಸಿಕೊಂಡಳು. ಡೊಳ್ಳುಹೊಟ್ಟೆಯ ಗಣಿತದ ಮೇಷ್ಟ್ರು ಬಂದು ತಮ್ಮ ಮಂಡಿನೋವಿಗೆ ಪರಿಹಾರ ಕೇಳಿದರು. ಗುಮಾಸ್ತರು ಸ್ವಲ್ಪ ಯೋಚಿಸಿ, "ಮೆಟ್ಟಿಲು ಇಳಿಯುವಾಗ ಕಾಲು ನೋಡ್ಬೇಡಿ" ಎಂದರು. ಮೇಷ್ಟ್ರು ಎರಡು ಮೆಟ್ಟಿಲು ತಪ್ಪಿ ಇಳಿದರೂ ನಂಬಿಕೆ ಕಳೆದುಕೊಳ್ಳಲಿಲ್ಲ.

ಈ ಗದ್ದಲದಲ್ಲಿ ಗುಮಾಸ್ತರಿಗೂ ಗೆಲುವಿನ ರುಚಿ ಹತ್ತಿತು. ಸೆಮಿಫೈನಲ್ ದಿನ ಸೀಟಿ ಕೊರಳಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತದ್ದನ್ನು ಬಾವಮೈದ ಕಣ್ಣಾರೆ ಕಂಡಿದ್ದಾನೆ. ಆರು ಜನ ಆಡುವವರು, ಇಬ್ಬರು ಕಾಯುವವರು. ಕಾಯುವವರಲ್ಲಿ ಒಬ್ಬಳನ್ನು ಆಗಾಗ ಒಳಗೆ ಕಳಿಸುತ್ತಿದ್ದರು. ಇನ್ನೊಬ್ಬಳು ದಪ್ಪ ಕನ್ನಡಕದ ಹುಡುಗಿ. ಅವಳು ನೀರಿನ ಬಾಟಲಿ ತುಂಬಿಸುತ್ತಿದ್ದಳು, ಎಲ್ಲರ ಬ್ಯಾಗು ಕಾಯುತ್ತಿದ್ದಳು, ಯಾರು ಪಾಯಿಂಟ್ ಗಳಿಸಿದರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಗುಮಾಸ್ತರು ಅವಳನ್ನು ನೋಡಿಯೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಇದೂ ನಿಜ.

ಫೈನಲ್ ದಿನ ಊರಿಗೆ ಊರೇ ಮೈದಾನದಲ್ಲಿತ್ತು. ಮೊದಲ ಸಾಲಿನಲ್ಲಿ ಹೆಡ್‌ಮೇಡಂ, ಅವರ ಪಕ್ಕದಲ್ಲೇ ಹೋದ ವರ್ಷ ಸಮಾಧಾನ ಹೇಳಿದ ಆ ಇನ್ನೊಬ್ಬ ಹೆಡ್‌ಮೇಡಂ. ಇಬ್ಬರೂ ಒಬ್ಬರಿಗೊಬ್ಬರು ಬಿಸ್ಕತ್ತು ಕೊಟ್ಟುಕೊಳ್ಳುತ್ತಿದ್ದ ರೀತಿ ನೋಡಿದರೆ ಭಯವಾಗುತ್ತಿತ್ತು.

ಕ್ರೀಡಾ ಸಮಿತಿಯ ಕಾರ್ಯದರ್ಶಿ ಓಡಿಬಂದು ಗುಮಾಸ್ತರ ಕೈ ಹಿಡಿದ. "ಬನ್ನಿ ಸಾರ್, ಮುಖ್ಯ ಅತಿಥಿಗಳನ್ನ ತೋರಿಸ್ತೀನಿ. ನಿಮಗೆ ಆಶ್ಚರ್ಯ ಇದೆ!"

ವೇದಿಕೆಯ ಮೇಲೆ ದೊಡ್ಡ ಕುರ್ಚಿಯಲ್ಲಿ, ಮುಂದಿಟ್ಟ ಹೂದಾನಿಯಿಂದಾಗಿ ಅಂಕಣ ಕಾಣದೆ ಅತ್ತಿತ್ತ ಕತ್ತು ಚಾಚುತ್ತ ಒಬ್ಬ ಮುದುಕರು ಕೂತಿದ್ದರು. ಕೋಲು, ಬಿಳೀ ಟೋಪಿ, ಅದೇ ಗಿಡುಗನ ಮೂಗು. ಗುಮಾಸ್ತರು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟರು. ಅವರು ಓದಿದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು!

"ಸಾರ್, ನಿಮ್ಮ ಶಿಷ್ಯರು! ರಾಷ್ಟ್ರೀಯ ಆಟಗಾರರು!" ಎಂದು ಕೂಗಿದ ಕಾರ್ಯದರ್ಶಿ, ಅಷ್ಟರಲ್ಲಿ ಮೈಕು ಕುಯ್ಯೆಂದದ್ದರಿಂದ ಆ ಕಡೆ ಓಡಿದ.

ಮುದುಕರು ಗುಮಾಸ್ತರನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಕೈಲಿ ಆಡಿದೋರಲ್ಲಿ ರಾಷ್ಟ್ರ ಇರ್ಲಿ, ಜಿಲ್ಲೆ ದಾಟಿದೋರೇ ಇಲ್ಲವಲ್ಲಯ್ಯ. ಯಾರು ನೀನು?"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಗುಮಾಸ್ತರು ಬಗ್ಗಿ ಮೆಲ್ಲಗೆ ಹೇಳಿದರು. "ಸ್ಟ್ಯಾಂಡ್‌ಬೈ ಸಾರ್. ಮೂರು ವರ್ಷ. ಬೆಂಚಿನ ತುದೀಲಿ ಕೂತಿರ್ತಿದ್ದೆ."

ಮುದುಕರು ಕಣ್ಣು ಕಿರಿದು ಮಾಡಿದರು. ಆಮೇಲೆ ಕೋಲಿನಿಂದ ನೆಲ ಕುಟ್ಟಿದರು.

"ಓ! ಆ ಚಪ್ಪಾಳೆ ಹುಡುಗ! ಇಸ್ತ್ರಿ ಚಡ್ಡಿ!"

"ಹೌದು ಸಾರ್!" ಗುಮಾಸ್ತರ ಕಣ್ಣು ತುಂಬಿತು.

"ನೀನು ಟೀಮಲ್ಲಿದ್ಯಾ?"

"ಸಾರ್?"

"ಅಲ್ಲಯ್ಯ, ನೀನು ಆಟ ನೋಡೋಕೆ ಬರ್ತೀಯ ಅಂದ್ಕೊಂಡಿದ್ದೆ. ಪಾಪ, ಎಷ್ಟು ಇಷ್ಟಪಟ್ಟು ನೋಡ್ತಾನೆ ಅಂತ ನಮ್ಮ ಮನೇಲೂ ಹೇಳ್ತಿದ್ದೆ."

ಗುಮಾಸ್ತರು ಹೂದಾನಿ ಹಿಡಿದುಕೊಂಡರು. "ಮೊದಲನೇ ದಿನ ನೀವೇ 'ನೀನು ಅಲ್ಲಿ ಕೂತ್ಕೋ' ಅಂದ್ರಲ್ಲ ಸಾರ್. ಕೂತೆ."

"ಅಡ್ಡ ನಿಂತಿದ್ದೆಯೇನೋ, ಅದಕ್ಕೆ ಹೇಳಿರ್ತೀನಿ!"

ಮೈಕಿನಲ್ಲಿ ಕಾರ್ಯದರ್ಶಿ 'ಹಲೋ ಹಲೋ' ಎನ್ನುತ್ತಿದ್ದ. ಮುದುಕರ ಮುಖದ ನಗು ನಿಧಾನವಾಗಿ ಇಳಿಯಿತು. "ಮೂರು ವರ್ಷ ಕೂತಿದ್ಯಾ? ಒಂದು ಸಲ ಬಂದು ಕೇಳ್ಬಾರ್ದಾಗಿತ್ತೇನಯ್ಯ?"

"ನೀವೇ ಕರೀತೀರಿ ಅಂದ್ಕೊಂಡಿದ್ದೆ ಸಾರ್."

ಆಟ ಶುರುವಾಯಿತೆಂದು ಸೀಟಿ ಕೂಗಿತು. ಗುಮಾಸ್ತರು ವೇದಿಕೆ ಇಳಿದು ಬಂದದ್ದು ಹೇಗೆಂದು ಅವರಿಗೇ ತಿಳಿಯಲಿಲ್ಲ. ಮೊದಲ ಸೆಟ್ ಗೆದ್ದರೋ ಸೋತರೋ ಎಂಬುದನ್ನೂ ಕ್ಯಾಪ್ಟನ್ ಬಂದು ಹೇಳಬೇಕಾಯಿತು. ಗೆದ್ದಿದ್ದರು. ಎರಡನೆಯದು ಸೋತರು. ಕೊನೆಯ ಸೆಟ್ ಹದಿನೈದು ಪಾಯಿಂಟಿನದು. ಹನ್ನೆರಡು-ಹದಿಮೂರು. ಅಷ್ಟರಲ್ಲಿ ಕ್ಯಾಪ್ಟನ್ ಒಂದು ಚೆಂಡನ್ನು ನೆಟ್ಟಿನಾಚೆ ಮೆತ್ತಗೆ ಇಳಿಸಿದಳು. ಹದಿಮೂರು-ಹದಿಮೂರು.

ಬೆಂಚಿನ ಆ ತುದಿಯಲ್ಲಿ ಚಪ್ಪಾಳೆ ಕೇಳಿಸಿತು. ಗುಮಾಸ್ತರು ತಿರುಗಿ ನೋಡಿದರು.

ಕನ್ನಡಕದ ಹುಡುಗಿ ಎದ್ದು ನಿಂತಿದ್ದಳು. ಮಂಡಿಗೆ ಹೊಚ್ಚ ಹೊಸ ನೀಕ್ಯಾಪು, ಒಂದು ಚೂರು ಮಣ್ಣಿಲ್ಲ. ಮೂರು ವಾರದಲ್ಲಿ ಏಳು ಹುಡುಗಿಯರಿಗೆ ಅವರವರ ತಪ್ಪು ಹೇಳಿದ್ದರು ಗುಮಾಸ್ತರು. ಇವಳಿಗೆ ಹೇಳಿದ್ದು ಯಾವುದು ಎಂದು ತಡಕಾಡಿದರು. 'ಬಾಟಲಿ ತುಂಬಿಸ್ಕೊಂಡು ಬಾ' ಎಂಬುದೊಂದೇ ಸಿಕ್ಕಿತು.

"ಆಡ್ತೀಯಾ?" ಎಂದರು.

ಹುಡುಗಿ ಹಿಂದೆ ತಿರುಗಿ ನೋಡಿದಳು. ಹಿಂದೆ ಬ್ಯಾಗುಗಳಷ್ಟೇ ಇದ್ದವು.

"ನಾನಾ ಸಾರ್?"

"ನೀನೇ. ಆಡೋಕೆ ಬರುತ್ತಾ?"

"ಗೊತ್ತಿಲ್ಲ ಸಾರ್. ಆಡಿಲ್ಲ."

ಗುಮಾಸ್ತರು ಕೈ ಎತ್ತಿ ರೆಫರಿಗೆ ಬದಲಿ ಆಟಗಾರ್ತಿ ಎಂದು ತೋರಿಸಿದರು. ಹೊರಗೆ ಬರಬೇಕಾದವಳು ಕಂಬ. ಚೆಂಡು ಹಿಡಿದು ಸರ್ವಿಸ್‌ಗೆ ಹೋಗುತ್ತಿದ್ದವಳು ಗಕ್ಕನೆ ನಿಂತಳು. "ಸಾರ್, ಈಗ ನನ್ನ ಸರ್ವಿಸ್ ಸಾರ್!"

"ಗುಮಾಸ್ತರೇ!" ಮೊದಲ ಸಾಲಿನಿಂದ ಹೆಡ್‌ಮೇಡಂ ಎದ್ದೇಬಿಟ್ಟರು. ಬಿಸ್ಕತ್ತಿನ ತಟ್ಟೆ ನೆಲಕ್ಕೆ ಬಿತ್ತು. "ಏನ್ರೀ ಮಾಡ್ತಿದ್ದೀರಾ! ಎತ್ತರದವಳನ್ನ ಯಾಕ್ರೀ ತೆಗೀತೀರಾ!"

"ತಂತ್ರ" ಎಂದರು ಪೋಸ್ಟ್‌ಮಾಸ್ತರು ಸುತ್ತಲಿನವರಿಗೆ. "ಸುಮ್ನೆ ನೋಡ್ತಿರಿ. ರಾಷ್ಟ್ರಮಟ್ಟದ ತಂತ್ರ."

ಕನ್ನಡಕದ ಹುಡುಗಿ ಗೆರೆಯ ಹಿಂದೆ ನಿಂತಳು. ಜಾರಿದ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡಳು. ಮೂರು ವಾರ ನೋಡಿದವಳು ಅವಳು, ಎಲ್ಲರಿಗಿಂತ ಹೆಚ್ಚಾಗಿ ನೋಡಿದವಳು. ಎದುರು ತಂಡದ ಮೂಲೆಯ ಇಬ್ಬರೂ ಆ ಹುಡುಗರ ಹಾಗೆಯೇ 'ನಂದು' ಎಂದು ಕೂಗಿ ಒಬ್ಬರಿಗೊಬ್ಬರು ಬಿಟ್ಟುಕೊಡುವವರೆಂದು ಅವಳಿಗೆ ಗೊತ್ತಿತ್ತು. ಚೆಂಡು ತೇಲಿಕೊಂಡು ಹೋಗಿ ಅವರಿಬ್ಬರ ನಡುವೆ, ಯಾರೋ ಕೈಯಾರೆ ಇಟ್ಟಂತೆ, ನೆಲ ಮುಟ್ಟಿತು.

ಹದಿನಾಲ್ಕು-ಹದಿಮೂರು! ಮೈದಾನ ಸಿಡಿಯಿತು. "ಹೇಳ್ಲಿಲ್ವಾ!" ಎಂದು ಪೋಸ್ಟ್‌ಮಾಸ್ತರು ಅಪರಿಚಿತರನ್ನೆಲ್ಲ ತಬ್ಬಿಕೊಂಡರು. ಹೆಡ್‌ಮೇಡಂ ಇನ್ನೊಬ್ಬ ಹೆಡ್‌ಮೇಡಂ ಕಡೆ ತಿರುಗಿ, "ನಿಮ್ಮ ಮಕ್ಕಳ ಸಮವಸ್ತ್ರ..." ಎಂದು ಶುರುಮಾಡಿದರು.

ಆ ಮಾತು ಮುಗಿಯಲಿಲ್ಲ. ಎರಡನೇ ಸರ್ವಿಸ್ ನೆಟ್ಟಿನ ಹೊಟ್ಟೆಗೆ ಬಿತ್ತು. ಮುಂದಿನ ಚೆಂಡು ಹುಡುಗಿಯ ಕಡೆಗೇ ಬಂತು. ನೆಲಕ್ಕೆ ಬಿದ್ದು ಎತ್ತಿದಳು, ಅದು ಅಂಕಣ ಬಿಟ್ಟು ಹೋಯಿತು. ಅದರ ಮುಂದಿನದನ್ನು ಕ್ಯಾಪ್ಟನ್ ಹೊರಗೆ ಹೊಡೆದಳು. ಹದಿನಾಲ್ಕು-ಹದಿನಾರು. ಮುಗಿಯಿತು.

ಹುಡುಗಿ ಬೆಂಚಿಗೆ ಬಂದು ಕೂತಳು. ನೀಕ್ಯಾಪು ಒಂದು ಕಡೆ ಹರಿದು, ಕೆಳಗೆ ಕೆಂಪಗೆ ತರಚಿತ್ತು. ಅದನ್ನೇ ನೋಡುತ್ತಿದ್ದಳು.

"ಸಾರ್, ನನ್ನಿಂದ ಸೋತ್ವಾ?"

ಗುಮಾಸ್ತರು ಪಂದ್ಯದ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಪರಿಶೀಲಿಸಿದರು. ಸುಳ್ಳು ಸಮಾಧಾನ ಹೇಳಲು ಅವರಿಗೆ ಬರುತ್ತಿರಲಿಲ್ಲ.

"ನಿನ್ನಿಂದ ಒಂದು ಪಾಯಿಂಟ್ ಬಂದಿದೆ, ಎರಡು ಹೋಗಿದೆ. ಈ ಸೆಟ್ಟಲ್ಲಿ ಹೋಗಿರೋದು ಒಟ್ಟು ಹದಿನಾರು. ಉಳಿದ ಹದಿನಾಲ್ಕಕ್ಕೆ ಬೇರೆಯವರು ಸಹಿ ಹಾಕ್ಬೇಕು." ಹಾಳೆ ಮಡಿಸಿ ಹೇಳಿದರು: "ಸರ್ವಿಸ್ ಮಾಡುವಾಗ ನೀನು ಉಸಿರು ಹಿಡ್ಕೋತೀಯಮ್ಮ. ಎರಡನೇದು ನೆಟ್ಟಿಗೆ ಹೋಗಿದ್ದು ಅದಕ್ಕೇ. ನಾಳೆ ಆರೂವರೆಗೆ ಬಾ."

ಹುಡುಗಿ ಮೂಗು ಒರೆಸಿಕೊಂಡು ತಲೆಯಾಡಿಸಿದಳು.

ವಾರಪತ್ರಿಕೆಯವನು ಪುಸ್ತಕ ಪೆನ್ನು ಹಿಡಿದು ಬಂದ. ಅವನ ಹಿಂದೆ ಹೆಡ್‌ಮೇಡಂ, ಪೋಸ್ಟ್‌ಮಾಸ್ತರು, ಬಾವಮೈದ, ಹೆಂಡತಿ.

"ಸಾರ್, ಗೆಲ್ಲೋ ಹೊತ್ತಲ್ಲಿ ಆ ಹುಡುಗೀನ ಯಾಕೆ ಕಳಿಸಿದ್ರಿ?"

"ಅವಳು ಒಂದು ಸಲವೂ ಆಡಿರ್ಲಿಲ್ಲ. ಅದಕ್ಕೆ."

"ಅಷ್ಟೇನಾ?"

"ಅಷ್ಟೇ. ಇನ್ನೊಂದು ವಿಷಯ ಬರ್ಕೊಳ್ಳಿ. ನಾನು ರಾಷ್ಟ್ರೀಯ ಆಟಗಾರ ಅಲ್ಲ. ರಾಜ್ಯ, ಜಿಲ್ಲೆ ಯಾವುದೂ ಅಲ್ಲ. ಹೈಸ್ಕೂಲಲ್ಲಿ ಸ್ಟ್ಯಾಂಡ್‌ಬೈ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು, ಅದೂ ಅಲ್ಲ. ಅಡ್ಡ ನಿಂತಿದ್ದೆ ಅಂತ ಕೂರಿಸಿದ್ರು."

ಪತ್ರಿಕೆಯವನು ಪೆನ್ನು ನಿಲ್ಲಿಸಿ ದಿಟ್ಟಿಸಿದ. ಆಮೇಲೆ ಅವನ ಮುಖದಲ್ಲಿ ಭಕ್ತಿ ಮೂಡಿತು. "ಎಂಥಾ ವಿನಯ ಸಾರ್!" ಎಂದು ಅದನ್ನೇ ಬರೆದುಕೊಂಡ.

"ವಿನಯ ಅಲ್ಲಪ್ಪ, ನಿಜ!"

"ಸೋಲಿನ ಹೊಣೆಯನ್ನ ಪೂರ್ತಿ ತಮ್ಮ ಮೇಲೆ ಎಳ್ಕೊಳ್ತಿದ್ದಾರೆ" ಎಂದು ಪೋಸ್ಟ್‌ಮಾಸ್ತರು ಹೆಡ್‌ಮೇಡಂಗೆ ವಿವರಿಸಿದರು. "ದೊಡ್ಡ ಕೋಚುಗಳ ಲಕ್ಷಣ."

ಬೈಯಲೆಂದೇ ಬಂದಿದ್ದ ಹೆಡ್‌ಮೇಡಂ ಗೊಂದಲಕ್ಕೆ ಬಿದ್ದು, "ನಾಳೆ ಛೇಂಬರಿಗೆ ಬನ್ನಿ. ಬೈಬೇಕೋ ಸನ್ಮಾನ ಮಾಡ್ಬೇಕೋ ಅಷ್ಟರಲ್ಲಿ ಯೋಚಿಸಿರ್ತೀನಿ" ಎಂದು ಹೊರಟರು. ಬಾವಮೈದ ಮಾತ್ರ, ಬಕೆಟ್ಟಿನೊಳಗಿಂದ ಕೀಗೊಂಚಲು ತೆಗೆದವನೇ ಆದ್ದರಿಂದ, ಏನನ್ನೋ ಲೆಕ್ಕ ಹಾಕುತ್ತ ತಲೆ ಕೆರೆದುಕೊಂಡ.

ಜನ ಕರಗಿದರು. ಇಳಿಬಿಸಿಲು ಅಂಕಣದ ಸುಣ್ಣದ ಗೆರೆಗಳ ಮೇಲೆ ಓರೆಯಾಗಿ ಬಿದ್ದಿತ್ತು. ಗುಮಾಸ್ತರು ಬೆಂಚಿನ ತುದಿಯಲ್ಲಿ ಕೂತರು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

"ಒಂದು ಸಲವೂ ಆಡಿಲ್ವಾ?" ಎಂದಳು.

ಊರಲ್ಲಿ ಅವರ ಮಾತನ್ನು ನಂಬಿದವಳು ಅವಳೊಬ್ಬಳೇ.

"ಇಲ್ಲ."

"ಆ ಮೊಣಕೈ?"

"ಅದಕ್ಕೇನೂ ಆಗಿಲ್ಲ. ಚೆನ್ನಾಗೇ ಇದೆ."

ಅವಳು ಬೈಯುತ್ತಾಳೆಂದು ಕಾದರು. ಮೂರು ವಾರ ಉಜ್ಜಿದ ಮುಲಾಮು ಏನು ಕಡಿಮೆಯೇ? ಅವಳು ಅಂಕಣದ ಕಡೆ ನೋಡಿದಳು.

"ನೆಟ್ಟು ಇನ್ನೂ ಬಿಚ್ಚಿಲ್ವಲ್ಲ" ಎಂದಳು. "ಈಗ ಆಡಿ."

"ಈಗಲಾ? ಐವತ್ತೈದು ವರ್ಷಕ್ಕಾ? ಯಾರಾದ್ರೂ ನೋಡಿದ್ರೆ..."

"ಏಯ್!" ಅಂಕಣದಾಚೆಯಿಂದ ಕೋಲು ಕುಟ್ಟಿದ ಸದ್ದು ಬಂತು. ಹಳೇ ಡ್ರಿಲ್ ಮೇಷ್ಟ್ರು ಕಾರಿಗೆ ಹತ್ತುವುದು ಬಿಟ್ಟು, ಕಾರ್ಯದರ್ಶಿಯ ಕೈ ಕೊಡವಿ, ಕೋಲೂರಿಕೊಂಡು ಮೈದಾನದೊಳಗೆ ಬರುತ್ತಿದ್ದರು. "ಅಲ್ಲೇನು ಕೂತಿದ್ದೀಯ? ಎದ್ದು ಬಾರಯ್ಯ ಒಳಗೆ!"

ಬ್ಯಾಗು ಹೆಗಲಿಗೇರಿಸಿದ್ದ ಹುಡುಗಿಯರು ನಿಂತರು. ಕ್ಯಾಪ್ಟನ್ ಬ್ಯಾಗು ಕೆಳಗಿಟ್ಟಳು. ಕಂಬವೂ ಇಟ್ಟಳು. ಆರು ಜನ ನೆಟ್ಟಿನ ಆ ಕಡೆ ಹೋಗಿ ನಿಂತರು. ಗುಮಾಸ್ತರು ಎದ್ದರು. ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿದರು. ಗೆರೆಯ ಹಿಂದೆ ಹೋಗಿ ನಿಂತಾಗ ನೆಟ್ಟು ಅಷ್ಟು ದೂರದಲ್ಲಿದೆ ಎಂದು ಅವರಿಗೆ ಮೊದಲ ಬಾರಿ ತಿಳಿಯಿತು. ಬೆಂಚಿನಿಂದ ಅದು ಹತ್ತಿರ ಕಾಣುತ್ತಿತ್ತು.

ಮೊದಲ ಚೆಂಡು ನೆಟ್ಟಿನ ಕೆಳಗೆ ಹೋಯಿತು. ಎರಡನೆಯದು ಹಿಂದಕ್ಕೆ ಹಾರಿ ಬಾವಮೈದನ ಬೆನ್ನಿಗೆ ಬಡಿಯಿತು. ಅವನ ಅನುಮಾನವೆಲ್ಲ ಅಲ್ಲಿಗೆ ತೀರಿತು. ಮೂರನೆಯದು ಹೇಗೋ ಮೇಲೆದ್ದು, ಓಲಾಡುತ್ತ, ನೆಟ್ಟು ದಾಟಿ, ಅಂಕಣದ ದೂರದ ಮೂಲೆಗೆ ಇಳಿಯಿತು.

"ಒಳಗೆ!" ಎಂದು ಮುದುಕರು ಕೋಲೆತ್ತಿದರು. "ಗೆರೆ ಮೇಲೆ ಬಿತ್ತು!"

"ಹೊರಗೆ ಸಾರ್" ಎಂದಳು ಕ್ಯಾಪ್ಟನ್ ನಿಷ್ಕರುಣೆಯಿಂದ.

"ನನ್ನ ಕಣ್ಣಲ್ಲಿ ನೋಡಿದ್ದೀನಮ್ಮ!"

ಕನ್ನಡಕದ ಹುಡುಗಿ ಆ ಮೂಲೆಗೆ ಹೋಗಿ, ಮಂಡಿಯೂರಿ, ಚೆಂಡಿನ ಗುರುತನ್ನು ಹತ್ತಿರದಿಂದ ನೋಡಿದಳು. ಎರಡು ಬೆರಳು ಎತ್ತಿ ತೋರಿಸಿದಳು.

"ಹೊರಗೆ ಸಾ...ರ್! ಬರೀ ಇಷ್ಟೇ ಇಷ್ಟು!"

ಮುದುಕರು ಗೊಣಗಿದರು. ಹೆಂಡತಿ ಬೆಂಚಿನ ಮೇಲೆ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡಳು. ಗುಮಾಸ್ತರಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಏದುಸಿರು ಬರುತ್ತಿತ್ತು. ಅವರು ಎರಡೂ ಕೈ ಮುಂದೆ ಚಾಚಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು:

"ಇನ್ನೊಂದು ಕೊಡಿ!"